ಸಾರ್ಸ್ ದಳವನ್ನು ಮುಚ್ಚಬೇಕಿತ್ತೋ, ತಿದ್ದಬೇಕಿತ್ತೋ? ಪದೇ ಪದೇ ಕೇಳುವ ಪ್ರಶ್ನೆಗಳು

ನೈಜೀರಿಯಾದ ಪೊಲೀಸರ ಬಗ್ಗೆ ಮಾತು ತೆಗೆದಾಗಲೆಲ್ಲ ಇವೇ ಪ್ರಶ್ನೆಗಳು ತಿರುಗಿ ತಿರುಗಿ ಬರುತ್ತವೆ. ಕೆಲವನ್ನು ಸಿಟ್ಟಿನಿಂದ ಕೇಳುತ್ತಾರೆ, ಕೆಲವನ್ನು ನಿಜವಾಗಿಯೂ ತಿಳಿಯಬೇಕೆಂದು ಕೇಳುತ್ತಾರೆ. ಎರಡೂ ಬಗೆಯವರಿಗೆ ಒಂದೇ ಕಡೆ ಉತ್ತರ ಸಿಗಲಿ ಎಂದು ಬರೆದಿದ್ದೇನೆ. ನನ್ನ ನಿಲುವು ಏನೆಂಬುದನ್ನು ಎಲ್ಲೂ ಮುಚ್ಚಿಟ್ಟಿಲ್ಲ.

ಸಾರ್ಸ್ ಅಂದರೆ ಏನು? ಅದು ಹುಟ್ಟಿದ್ದು ಯಾಕೆ?

ಸ್ಪೆಷಲ್ ಆ್ಯಂಟಿ ರಾಬರಿ ಸ್ಕ್ವಾಡ್, ಅಂದರೆ ದರೋಡೆ ನಿಗ್ರಹಕ್ಕೆಂದೇ ಮಾಡಿದ ವಿಶೇಷ ದಳ. ಹುಟ್ಟಿದ್ದು 1992ರಲ್ಲಿ, ಲಾಗೋಸ್ ನಗರದಲ್ಲಿ. ಆ ವರ್ಷದ ಸೆಪ್ಟೆಂಬರಿನಲ್ಲಿ ಕರ್ನಲ್ ಎಜ್ರಾ ರಿಂಡಮ್ ಎಂಬ ಸೇನಾಧಿಕಾರಿ ಪೊಲೀಸರ ಚೆಕ್‌ಪೋಸ್ಟಿನಲ್ಲಿ ಗುಂಡೇಟಿಗೆ ಬಲಿಯಾದರು. ಸೈನಿಕರು ಪೊಲೀಸರನ್ನು ಹುಡುಕಿಕೊಂಡು ಬೀದಿಗಿಳಿದರು. ಪೊಲೀಸರು ಚೆಕ್‌ಪೋಸ್ಟುಗಳನ್ನು ಬಿಟ್ಟು ತಲೆಮರೆಸಿಕೊಂಡರು. ದರೋಡೆಕೋರರಿಗೆ ಊರು ಬಾಗಿಲು ತೆರೆದಂತಾಯಿತು. ಆಗ ಸಿಮಿಯನ್ ಡನ್ಲಾಡಿ ಮಿಡೆಂಡಾ ಎಂಬ ಪೊಲೀಸ್ ಅಧಿಕಾರಿ 15 ಜನರ ತಂಡ ಕಟ್ಟಿದರು. ಎಲ್ಲರೂ ಮಫ್ತಿಯಲ್ಲಿ, ವಾಹನಗಳ ಮೇಲೆ ಪೊಲೀಸ್ ಗುರುತೂ ಇಲ್ಲ. 2009ರ ಹೊತ್ತಿಗೆ ಅದು ದೇಶದ ಉದ್ದಗಲಕ್ಕೂ ಹರಡಿತ್ತು.

ಹುಟ್ಟಿನಲ್ಲೇ ಇದ್ದ ಒಂದು ಸಂಗತಿಯನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ಸಮವಸ್ತ್ರ ಇಲ್ಲ, ಎದೆಯ ಮೇಲೆ ಹೆಸರಿಲ್ಲ, ಗಾಡಿಗೆ ಗುರುತಿಲ್ಲ. ದರೋಡೆಕೋರರ ಕಣ್ಣು ತಪ್ಪಿಸಲು ಮಾಡಿಕೊಂಡ ಈ ಮರೆ ಮುಂದೆ ಜನರ ಕಣ್ಣನ್ನೂ ಕೋರ್ಟಿನ ಕಣ್ಣನ್ನೂ ತಪ್ಪಿಸಲು ಒದಗಿತು.

ಜನ ಅಷ್ಟೊಂದು ರೊಚ್ಚಿಗೇಳುವಂಥದ್ದು ಏನು ಮಾಡಿದರು?

ಮೊದಲು ರಸ್ತೆಯಲ್ಲಿ ಏನಾಗುತ್ತಿತ್ತು ನೋಡಿ. ಇಪ್ಪತ್ತರ ಆಸುಪಾಸಿನ ಹುಡುಗ ಟ್ಯಾಕ್ಸಿಯಲ್ಲಿ ಹೋಗುತ್ತಿದ್ದಾನೆ. ಬ್ಯಾಗಿನಲ್ಲಿ ಲ್ಯಾಪ್‌ಟಾಪ್, ಕೈಯಲ್ಲಿ ಒಳ್ಳೆಯ ಫೋನು, ತಲೆಯಲ್ಲಿ ಜಡೆಗಟ್ಟಿದ ಕೂದಲು. ಟೀ ಶರ್ಟು, ಜೀನ್ಸಿನಲ್ಲಿರುವ ನಾಲ್ವರು ಬಂದೂಕು ಹಿಡಿದು ಗಾಡಿ ಅಡ್ಡಗಟ್ಟುತ್ತಾರೆ. ಅವರು ಪೊಲೀಸರೋ ದರೋಡೆಕೋರರೋ ಎಂದು ಹುಡುಗನಿಗೆ ತಿಳಿಯುವುದಿಲ್ಲ. ಫೋನ್ ಕಿತ್ತುಕೊಂಡು ಬ್ಯಾಂಕಿನ ಮೆಸೇಜುಗಳನ್ನು ಓದುತ್ತಾರೆ. ಖಾತೆಯಲ್ಲಿ ಹಣ ಕಂಡರೆ ಅವನು ‘ಯಾಹೂ ಬಾಯ್’. ಅಲ್ಲಿ ಇಂಟರ್ನೆಟ್ ವಂಚಕರಿಗೆ ಹೇಳುವ ಹೆಸರು ಅದು. ಪುರಾವೆ ಯಾರಿಗೂ ಬೇಕಾಗಿಲ್ಲ, ಲ್ಯಾಪ್‌ಟಾಪ್ ಇರುವುದೇ ಪುರಾವೆ. ಗಾಡಿಗೆ ಹತ್ತಿಸಿಕೊಂಡು ಎಟಿಎಂ ಮುಂದೆ ನಿಲ್ಲಿಸುತ್ತಾರೆ. ಹಣ ತೆಗೆದುಕೊಟ್ಟರೆ ಮನೆಗೆ, ಇಲ್ಲವಾದರೆ ಠಾಣೆಗೆ.

ಇನ್ನು ಠಾಣೆಯೊಳಗೆ. 2016ರ ಜೂನ್‌ನಲ್ಲಿ ಆಮ್ನೆಸ್ಟಿ ಇಂಟರ್‌ನ್ಯಾಷನಲ್ ಸಂಸ್ಥೆಯ ಸಂಶೋಧಕರು ರಾಜಧಾನಿ ಅಬುಜಾದ ಹೊರವಲಯದಲ್ಲಿದ್ದ ಸಾರ್ಸ್ ಬಂಧನ ಕೇಂದ್ರಕ್ಕೆ ಹೋಗಿದ್ದರು. ಅದು ಪಾಳುಬಿದ್ದ ಕಸಾಯಿಖಾನೆಯ ಕಟ್ಟಡ. ಕಿಕ್ಕಿರಿದ ಕೋಣೆಗಳಲ್ಲಿ 130 ಜನ ಇದ್ದರು. ಜನರ ಬಾಯಲ್ಲೂ ಆ ಠಾಣೆಯ ಹೆಸರು ಕಸಾಯಿಖಾನೆ ಎಂದೇ. ಬಾಯಿ ಬಿಡಿಸಲು ಅಲ್ಲಿ ಬಳಸುತ್ತಿದ್ದ ವಿಧಾನಗಳು ತೂಗುಹಾಕುವುದು, ಹೊಡೆಯುವುದು, ಉಪವಾಸ ಕೆಡವುವುದು, ಗುಂಡು ಹಾರಿಸುವುದು. ಅದೇ ಸಂಸ್ಥೆ 2020ರ ಜೂನ್‌ನಲ್ಲಿ ಕೊಟ್ಟ ವರದಿಯಲ್ಲಿ 2017ರ ಜನವರಿಯಿಂದ 2020ರ ಮೇ ವರೆಗಿನ 82 ಪ್ರಕರಣಗಳಿವೆ. ಚಿತ್ರಹಿಂಸೆ, ದೌರ್ಜನ್ಯ, ವಿಚಾರಣೆಯಿಲ್ಲದ ಕೊಲೆ ಎಲ್ಲ ಸೇರಿ. ಸಿಕ್ಕಿಬಿದ್ದವರಲ್ಲಿ ಹೆಚ್ಚಿನವರು 18ರಿಂದ 35ರ ವಯಸ್ಸಿನ ಗಂಡುಮಕ್ಕಳು, ಬಡವರು.

ಅನಂಬ್ರಾ ರಾಜ್ಯದ ಅವ್ಕುಜು ಎಂಬಲ್ಲಿದ್ದ ಸಾರ್ಸ್ ಠಾಣೆಯ ಹೆಸರು ಕೇಳಿದರೆ ಇವತ್ತಿಗೂ ಅಲ್ಲಿನ ತಾಯಂದಿರ ಮೈ ನಡುಗುತ್ತದೆ. ಆ ಠಾಣೆಗೆ ಹೋದ ಮಕ್ಕಳು ತಿರುಗಿ ಬರಲಿಲ್ಲ ಎಂದು ಎಷ್ಟೋ ಮನೆಯವರು ಹೇಳಿದ್ದಾರೆ. 2013ರ ಜನವರಿಯಲ್ಲಿ ಅದೇ ಭಾಗದ ಎಜು ನದಿಯಲ್ಲಿ ಹತ್ತಾರು ಹೆಣಗಳು ತೇಲಿದವು. ಮಗ ಕಾಣೆಯಾದ ಮನೆಯವರು ನದಿಗೆ ಓಡಿ, ನೀರಿನಲ್ಲಿ ಊದಿಕೊಂಡ ಮುಖಗಳಲ್ಲಿ ತಮ್ಮವನನ್ನು ಹುಡುಕುವ ಗತಿ ಬಂತು. ಆ ಹೆಣಗಳು ಅಲ್ಲಿಗೆ ಹೇಗೆ ಬಂದವು ಎಂಬುದಕ್ಕೆ ಆ ಮನೆಗಳಿಗೆ ನಂಬುವಂಥ ಉತ್ತರ ಸಿಗಲಿಲ್ಲ.

ಅದನ್ನು 2020ರಲ್ಲೇ ಮುಚ್ಚಿದರಲ್ಲ, ಇನ್ನೇನು ಚರ್ಚೆ?

ಮುಚ್ಚಿದ ರೀತಿಯನ್ನು ದಿನ ಲೆಕ್ಕದಲ್ಲಿ ನೋಡಬೇಕು. 2020ರ ಅಕ್ಟೋಬರ್ 3ರಂದು ಡೆಲ್ಟಾ ರಾಜ್ಯದ ಉಘೆಲ್ಲಿಯಲ್ಲಿ ಪೊಲೀಸರು ಯುವಕನೊಬ್ಬನಿಗೆ ಗುಂಡಿಟ್ಟರು ಎಂಬ ವಿಡಿಯೊ ಹರಿದಾಡಿತು. ಮರುದಿನ ಪೊಲೀಸ್ ಮುಖ್ಯಸ್ಥ ಮೊಹಮ್ಮದ್ ಅಡಮು ಸಾರ್ಸ್ ಗಸ್ತನ್ನು ನಿಲ್ಲಿಸಿದರು. ಯಾರೂ ನಂಬಲಿಲ್ಲ, ಬೀದಿಗಳು ತುಂಬಿದವು. 11ರಂದು ದಳವನ್ನೇ ವಿಸರ್ಜಿಸಿದರು. 13ರಂದು ಸ್ವಾಟ್ ಎಂಬ ಹೊಸ ದಳ ಘೋಷಿಸಿದರು. ನಡುವೆ ಇದ್ದದ್ದು ಎರಡೇ ದಿನ.

ಸಾರ್ಸ್‌ನಲ್ಲಿದ್ದವರನ್ನು ಸ್ವಾಟ್‌ಗೆ ಸೇರಿಸುವುದಿಲ್ಲ ಎಂದು ಇಲಾಖೆ ಹೇಳಿತು. ಸರಿ, ಹಾಗಾದರೆ ಅವರು ಹೋದದ್ದೆಲ್ಲಿಗೆ? ಬೇರೆ ಠಾಣೆಗಳಿಗೆ, ಬೇರೆ ದಳಗಳಿಗೆ. ಬಂದೂಕು, ಪದವಿ, ಸಂಬಳ ಮೂರೂ ಕೈಯಲ್ಲೇ ಉಳಿದವು. ಯಾರು ಏನು ಮಾಡಿದ್ದರು ಎಂದು ಒಬ್ಬೊಬ್ಬರ ಕಡತ ತೆರೆದು ನೋಡಿ, ಆಮೇಲೆ ಕಳಿಸಿದ್ದಲ್ಲ.

ಅದಕ್ಕೂ ಹಿಂದೆ 2017ರ ಡಿಸೆಂಬರಿನಲ್ಲಿ ದಳದ ಪುನರ್ರಚನೆಯ ಆದೇಶ ಬಂದಿತ್ತು. 2018ರ ಆಗಸ್ಟ್ 14ರಂದು ಹಂಗಾಮಿ ಅಧ್ಯಕ್ಷರಾಗಿದ್ದ ಯೆಮಿ ಒಸಿನ್ಬಾಜೊ ಆಮೂಲಾಗ್ರ ಬದಲಾವಣೆಗೆ ಆದೇಶಿಸಿದರು. ಹೆಸರಿನ ಹಿಂದೆ ‘ಫೆಡರಲ್’ ಸೇರಿತು. 2019ರ ಜನವರಿಯಲ್ಲಿ ವಿಕೇಂದ್ರೀಕರಣ ಆಯಿತು. ಪ್ರತಿ ಸಲವೂ ಪತ್ರಿಕೆಗಳಲ್ಲಿ ದೊಡ್ಡ ಸುದ್ದಿ, ಪ್ರತಿ ಸಲವೂ ರಸ್ತೆಯಲ್ಲಿ ಅದೇ ನಾಲ್ವರು.

ಹಾಗಾಗಿ ಮುಚ್ಚಿದ್ದಾಯಿತು ಎಂಬ ಮಾತಿಗೆ ನಾನು ಕೇಳುವುದು ಇಷ್ಟೇ: ಏನನ್ನು ಮುಚ್ಚಿದಿರಿ? ಬೋರ್ಡನ್ನೋ, ಆ ಕೋಣೆಯನ್ನೋ?

ಅಂದರೆ ನೀವು ಸಾರ್ಸ್ ಉಳಿಯಬೇಕಿತ್ತು ಅನ್ನುವವರೇ?

ಇಲ್ಲ. ಆ ಹೆಸರು, ಆ ಕಟ್ಟಡಗಳು, ಆ ಮಫ್ತಿ ಪದ್ಧತಿ, ಕೈಗೆ ರಕ್ತ ಅಂಟಿದ ಆ ಅಧಿಕಾರಿಗಳು ಯಾವುದೂ ಉಳಿಯಬಾರದು. ಆದರೆ ದಳವನ್ನು ವಿಸರ್ಜಿಸುವ ಆದೇಶಕ್ಕೆ ಒಂದು ಹಾಳೆ, ಒಂದು ಸಹಿ ಸಾಕು. ಸುಧಾರಣೆಗೆ ಸಾವಿರ ಕಡತ ತೆರೆಯಬೇಕು. ಆ ಕಷ್ಟದ ಕೆಲಸವನ್ನು ತಪ್ಪಿಸಿಕೊಳ್ಳಲು ಸರ್ಕಾರಕ್ಕೆ ಸಿಕ್ಕ ಸುಲಭದ ದಾರಿಯೇ ವಿಸರ್ಜನೆ ಎಂಬುದು ನನ್ನ ದೂರು. ದಳವನ್ನು ಕೈಯಲ್ಲಿ ಹಿಡಿದಿಟ್ಟುಕೊಂಡು, ಒಳಗಿನ ಒಬ್ಬೊಬ್ಬರ ಲೆಕ್ಕ ಕೇಳಿ, ಅಧಿಕಾರವನ್ನು ಒಂದೊಂದಾಗಿ ಕಳಚಿ ಮತ್ತೆ ಕಟ್ಟಬೇಕಿತ್ತು. ನಾನು ಸುಧಾರಣೆ ಎನ್ನುವುದು ಅದನ್ನು.

‘ಸುಧಾರಣೆ’ ಎಂಬ ಪದವನ್ನು ಅಲ್ಲಿನ ಯುವಕರು ಯಾಕೆ ನಂಬುವುದಿಲ್ಲ?

ನಂಬದಿರಲು ಅವರಿಗೆ ಎಲ್ಲ ಕಾರಣವೂ ಇದೆ. ಪೊಲೀಸ್ ಸುಧಾರಣೆಗೆಂದೇ 2006ರಲ್ಲಿ ದನ್‌ಮಡಾಮಿ ಸಮಿತಿ, 2008ರಲ್ಲಿ ಎಂ. ಡಿ. ಯೂಸುಫ್ ಸಮಿತಿ, 2012ರಲ್ಲಿ ಪ್ಯಾರಿ ಒಸಯಾಂಡೆ ಸಮಿತಿ ಕೂತಿದ್ದವು. ಮೂರೂ ವರದಿಗಳ ಬಹುಪಾಲು ಕಪಾಟು ಸೇರಿತು. 2018ರ ಆದೇಶದ ನಂತರ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗದ ಟೋನಿ ಒಜುಕ್ವು ನೇತೃತ್ವದ ಸಮಿತಿ ಊರೂರಿಗೆ ಹೋಗಿ ಅಹವಾಲು ಕೇಳಿತು. 2019ರ ಜೂನ್‌ನಲ್ಲಿ ವರದಿ ಕೊಟ್ಟಿತು: 37 ಅಧಿಕಾರಿಗಳನ್ನು ಬರ್ಖಾಸ್ತು ಮಾಡಿ, 24 ಜನರ ಮೇಲೆ ಮೊಕದ್ದಮೆ ಹೂಡಿ ಎಂದು.

ಆ ಸಮಿತಿಯ ಮುಂದೆ ಕೂತು ಮಾತಾಡಿದವರನ್ನು ನೆನೆದಾಗ ಸಂಕಟವಾಗುತ್ತದೆ. ಮಗನ ಫೋಟೊ ಹಿಡಿದು ಬಂದವರು, ಮೈಮೇಲಿನ ಗಾಯದ ಗುರುತು ತೋರಿಸಿದವರು. ಎಲ್ಲ ಹೇಳಿದ ಮೇಲೂ 2020ರ ಅಕ್ಟೋಬರ್ ಬಂದಾಗ ರಸ್ತೆಯ ಮೇಲಿನ ಸ್ಥಿತಿ ಹಾಗೆಯೇ ಇತ್ತು. ಹಾಗಿರುವಾಗ ‘ಸುಧಾರಿಸುತ್ತೇವೆ’ ಎಂದರೆ ‘ಸ್ವಲ್ಪ ಸುಮ್ಮನಿರಿ’ ಎಂದಂತೆಯೇ ಕೇಳಿಸುತ್ತದೆ. ಸುಧಾರಣೆಯ ಪರ ವಾದಿಸುವ ನಾವೆಲ್ಲ ಮೊದಲು ಒಪ್ಪಿಕೊಳ್ಳಬೇಕಾದ ಮಾತು ಇದು.

ಬೀದಿಗಿಳಿದವರು ಕೇಳಿದ್ದು ಬರೀ ‘ಮುಚ್ಚಿ’ ಎಂದೇ ಅಲ್ಲವೇ?

ಘೋಷಣೆ ಹಾಗಿತ್ತು. ಆದರೆ ಅವರು ಬರೆದುಕೊಟ್ಟ ಐದು ಬೇಡಿಕೆ ಓದಿ ನೋಡಿ. ಬಂಧಿಸಿದ ಪ್ರತಿಭಟನಕಾರರನ್ನು ಬಿಡಿ. ಸತ್ತವರಿಗೆ ನ್ಯಾಯ, ಅವರ ಮನೆಯವರಿಗೆ ಪರಿಹಾರ ಕೊಡಿ. 10 ದಿನದೊಳಗೆ ದೂರುಗಳ ತನಿಖೆಗೆ ಸ್ವತಂತ್ರ ಸಂಸ್ಥೆ ಮಾಡಿ. ವಿಸರ್ಜನೆಯಾದ ದಳದವರನ್ನು ಬೇರೆಡೆ ನೇಮಿಸುವ ಮೊದಲು ಮಾನಸಿಕ ಪರೀಕ್ಷೆ, ಮರುತರಬೇತಿ ಮಾಡಿಸಿ, ಅದನ್ನು ಹೊರಗಿನವರು ದೃಢಪಡಿಸಲಿ. ಐದನೆಯದು: ಪೊಲೀಸರ ಸಂಬಳ ಹೆಚ್ಚಿಸಿ.

ತಮಗೆ ಗುಂಡಿಡುವವರ ಸಂಬಳ ಹೆಚ್ಚಿಸಿ ಎಂದು ಬೀದಿಯಲ್ಲಿ ನಿಂತು ಕೇಳಿದ ಮಕ್ಕಳು ಅವರು. ಈ ಐದನ್ನು ಒಟ್ಟಿಗೆ ಓದಿದವರಿಗೆ ಅಲ್ಲಿರುವುದು ಸುಧಾರಣೆಯ ನಕ್ಷೆಯೇ ಎಂಬುದು ಗೊತ್ತಾಗುತ್ತದೆ. ಸರ್ಕಾರ ಘೋಷಣೆಯನ್ನು ಮಾತ್ರ ಕೇಳಿಸಿಕೊಂಡು ಬೋರ್ಡು ಇಳಿಸಿತು.

ಬೇರೆ ದೇಶಗಳಲ್ಲಿ ಇಂಥ ದಳ ಮುಚ್ಚಿದಾಗ ಏನಾಯಿತು?

ಎರಡು ಕಥೆ ಹೇಳುತ್ತೇನೆ.

ನ್ಯೂಯಾರ್ಕ್ ಪೊಲೀಸರಲ್ಲಿ ಸ್ಟ್ರೀಟ್ ಕ್ರೈಮ್ ಯುನಿಟ್ ಎಂಬ ಮಫ್ತಿ ದಳವಿತ್ತು. 1999ರ ಫೆಬ್ರವರಿ 4ರ ರಾತ್ರಿ ಅದರ ನಾಲ್ವರು ಗಿನಿ ದೇಶದಿಂದ ಬಂದಿದ್ದ ಅಮಡು ಡಿಯಾಲೊ ಎಂಬ ನಿರಾಯುಧ ಯುವಕನ ಮೇಲೆ ಅವನ ಮನೆ ಬಾಗಿಲಲ್ಲೇ 41 ಗುಂಡು ಹಾರಿಸಿದರು, 19 ತಗುಲಿದವು. ಅವನ ಕೈಯಲ್ಲಿದ್ದದ್ದು ಪರ್ಸು. ನಾಲ್ವರೂ ಖುಲಾಸೆಯಾದರು. 2002ರಲ್ಲಿ ದಳ ಮುಚ್ಚಿತು, ಆದರೆ ಅದೇ ಕೆಲಸ ‘ಆ್ಯಂಟಿ ಕ್ರೈಮ್’ ಎಂಬ ಮಫ್ತಿ ತಂಡಗಳಲ್ಲಿ ಮುಂದುವರಿಯಿತು. 2020ರ ಜೂನ್‌ನಲ್ಲಿ ಅವನ್ನೂ ಮುಚ್ಚಿದರು. 2022ರಲ್ಲಿ ಹೊಸ ಮೇಯರ್ ಬಂದ ಮೇಲೆ ಅಕ್ರಮ ಬಂದೂಕು ವಶಪಡಿಸಿಕೊಳ್ಳುವ ತಂಡಗಳು ಮತ್ತೊಂದು ಹೆಸರಿನಲ್ಲಿ ಬಂದವು. ಅಪರಾಧ ಹೆಚ್ಚಾಯಿತೆಂಬ ಭಯ ಹಬ್ಬಿದ ಕೂಡಲೇ ಯಾವ ರಾಜಕಾರಣಿಯೂ ದಳ ಬೇಡ ಎನ್ನುವ ಧೈರ್ಯ ಮಾಡುವುದಿಲ್ಲ. ಮುಚ್ಚಿದ ದಳ ತಿರುಗಿ ಬರುವುದು ಆ ಬಾಗಿಲಿನಿಂದ. ಬರುವಾಗ ಹಳೆಯ ಪಾಠಗಳನ್ನು ತರುವುದಿಲ್ಲ.

ಎರಡನೆಯದು ಇಂಗ್ಲೆಂಡಿನ ವೆಸ್ಟ್ ಮಿಡ್‌ಲ್ಯಾಂಡ್ಸ್ ಗಂಭೀರ ಅಪರಾಧ ದಳ. ತಪ್ಪೊಪ್ಪಿಗೆಗಳನ್ನು ತಾವೇ ಬರೆದುಕೊಳ್ಳುತ್ತಾರೆ ಎಂಬ ಆರೋಪ ಅದರ ಮೇಲಿತ್ತು. ಅದನ್ನು ಬಯಲಿಗೆಳೆಯಲು ನೆರವಾದದ್ದು ಕಾಗದವೇ. ಒಂದರ ಮೇಲೊಂದು ಹಾಳೆಯಿಟ್ಟು ಬರೆದಾಗ ಮೇಲಿನ ಹಾಳೆಯ ಪೆನ್ನಿನ ಒತ್ತು ಕೆಳಗಿನದರ ಮೇಲೆ ಕಣ್ಣಿಗೆ ಕಾಣದ ಹಾಗೆ ಬೀಳುತ್ತದೆ. ಸ್ಥಿರವಿದ್ಯುತ್ ಪರೀಕ್ಷೆಯಲ್ಲಿ ಆ ಒತ್ತು ಮೂಡಿಸಿ ನೋಡಿದರೆ ಯಾವ ಸಾಲು ಮೊದಲು ಬರೆದದ್ದು, ಯಾವುದು ಆಮೇಲೆ ತುರುಕಿದ್ದು ಎಂಬುದು ಗೊತ್ತಾಗುತ್ತದೆ. 1989ರ ಆಗಸ್ಟಿನಲ್ಲಿ ದಳವನ್ನು ವಿಸರ್ಜಿಸಿದರು. ಮೇಲ್ಮನವಿಗಳಲ್ಲಿ ಶಿಕ್ಷೆಗಳು ಒಂದೊಂದಾಗಿ ರದ್ದಾದವು. ಆದರೆ 1992ರಲ್ಲಿ ಪ್ರಾಸಿಕ್ಯೂಷನ್ ಮುಖ್ಯಸ್ಥರು ಸಾಕ್ಷ್ಯ ಸಾಲದು ಎಂದರು, ದಳದ ಒಬ್ಬ ಅಧಿಕಾರಿಯ ಮೇಲೂ ಮೊಕದ್ದಮೆ ನಡೆಯಲಿಲ್ಲ. ದಳ ಹೋಯಿತು, ದಳದವರು ಉಳಿದರು.

ಇಡೀ ಪಡೆಯನ್ನೇ ಕಿತ್ತುಹಾಕಿ ಗೆದ್ದ ದೇಶ ಇಲ್ಲವೇ?

ಎಲ್ಲರೂ ಹೇಳುವುದು ಜಾರ್ಜಿಯಾದ ಉದಾಹರಣೆ. 2004ರಲ್ಲಿ ಅಲ್ಲಿನ ಸರ್ಕಾರ ಲಂಚಕ್ಕೆ ಹೆಸರಾದ ಸಂಚಾರ ಪೊಲೀಸರನ್ನು, ಸುಮಾರು 15,000 ಜನರನ್ನು, ಒಂದೇ ಏಟಿಗೆ ಮನೆಗೆ ಕಳಿಸಿತು. ಹೊಸಬರನ್ನು ತೆಗೆದುಕೊಂಡು ಸಂಬಳ ಹಲವು ಪಟ್ಟು ಮಾಡಿತು, ಗಾಜಿನ ಗೋಡೆಯ ಠಾಣೆಗಳನ್ನು ಕಟ್ಟಿತು. ರಸ್ತೆಯ ಮಾಮೂಲು ನಿಜವಾಗಿಯೂ ನಿಂತಿತು. ಅದು ಸಣ್ಣ ಸಾಧನೆಯಲ್ಲ.

ಆದರೆ ಹೊರಗಿನಿಂದ ಲೆಕ್ಕ ಕೇಳುವ ಸಂಸ್ಥೆಯನ್ನು ಆ ಸರ್ಕಾರ ಬೆಳೆಸಲಿಲ್ಲ. 2012ರ ಸೆಪ್ಟೆಂಬರಿನಲ್ಲಿ ತ್ಬಿಲಿಸಿಯ ಗ್ಲ್ದಾನಿ ಜೈಲಿನಲ್ಲಿ ಕೈದಿಗಳಿಗೆ ಕೊಡುತ್ತಿದ್ದ ಚಿತ್ರಹಿಂಸೆಯ ವಿಡಿಯೊ ಹೊರಬಿತ್ತು. ಕೆಲವೇ ದಿನಗಳಲ್ಲಿ ಆ ಸರ್ಕಾರ ಚುನಾವಣೆ ಸೋತಿತು. ಗಾಜಿನ ಗೋಡೆಯಿದ್ದ ಕಡೆ ಲಂಚ ನಿಂತಿತ್ತು, ಗೋಡೆ ಕಲ್ಲಿನದಾಗಿದ್ದ ಕಡೆ ಹಿಂಸೆ ಉಳಿದಿತ್ತು.

ಹಾಗಾದರೆ ತಿದ್ದಿ ಗೆದ್ದವರು ಯಾರಿದ್ದಾರೆ?

ಪೂರ್ತಿ ಗೆದ್ದವರು ಯಾರೂ ಇಲ್ಲ. ಹತ್ತಿರ ಬಂದವರು ಉತ್ತರ ಐರ್ಲೆಂಡಿನವರು.

ಅಲ್ಲಿನ ರಾಯಲ್ ಅಲ್‌ಸ್ಟರ್ ಕಾನ್‌ಸ್ಟಾಬ್ಯುಲರಿಯನ್ನು ಕ್ಯಾಥೊಲಿಕ್ ಜನ ತಮ್ಮ ಪೊಲೀಸ್ ಎಂದು ಒಪ್ಪಿರಲಿಲ್ಲ. 1998ರ ಶಾಂತಿ ಒಪ್ಪಂದದ ನಂತರ ಪ್ಯಾಟನ್ ಆಯೋಗ ಕೂತಿತು. ಪಡೆಯನ್ನೇ ರದ್ದು ಮಾಡಿ ಎಂಬ ಕೂಗೂ ಇತ್ತು, ಒಂದಕ್ಷರ ಮುಟ್ಟಬೇಡಿ ಎಂಬ ಕೂಗೂ ಇತ್ತು. 1999ರ ಸೆಪ್ಟೆಂಬರಿನಲ್ಲಿ ಬಂದ ವರದಿಯಲ್ಲಿ 175 ಶಿಫಾರಸುಗಳಿದ್ದವು. 2001ರ ನವೆಂಬರಿನಲ್ಲಿ ಹೆಸರು ಬದಲಾಯಿತು, 2002ರಲ್ಲಿ ಲಾಂಛನ, ಸಮವಸ್ತ್ರಗಳೂ ಬದಲಾದವು. ಅಷ್ಟಕ್ಕೇ ನಿಂತಿದ್ದರೆ ಅದೂ ಇನ್ನೊಂದು ಬೋರ್ಡು ಬದಲಾವಣೆಯೇ ಆಗುತ್ತಿತ್ತು.

ನಿಲ್ಲಲಿಲ್ಲ. ದೂರುಗಳ ತನಿಖೆಗೆ ಪೊಲೀಸರಿಗೆ ಸಂಬಂಧವೇ ಇಲ್ಲದ ಒಂಬುಡ್ಸ್‌ಮನ್ ಕಚೇರಿ 2000ದಲ್ಲಿ ಬಾಗಿಲು ತೆರೆಯಿತು, ತನ್ನದೇ ತನಿಖಾಧಿಕಾರಿಗಳ ಜೊತೆಗೆ. ಮೊದಲ ಒಂಬುಡ್ಸ್‌ಮನ್ ನೂಲಾ ಒ’ಲೋನ್ ಪೊಲೀಸ್ ಮುಖ್ಯಸ್ಥರಿಗೇ ಮುಜುಗರವಾಗುವಂಥ ವರದಿಗಳನ್ನು ಕೊಟ್ಟರು. ಹತ್ತು ವರ್ಷ ಕ್ಯಾಥೊಲಿಕರು ಮತ್ತು ಉಳಿದವರನ್ನು ಸಮಪಾಲಿನಲ್ಲಿ ನೇಮಿಸಿಕೊಂಡರು. ಸುಮಾರು ಶೇ 8ರಷ್ಟಿದ್ದ ಕ್ಯಾಥೊಲಿಕ್ ಪೊಲೀಸರು ಸುಮಾರು ಶೇ 30ಕ್ಕೆ ಬಂದರು. ಕ್ಯಾಸಲ್‌ರೇ ಎಂಬ ವಿಚಾರಣಾ ಕೇಂದ್ರ ದೌರ್ಜನ್ಯಕ್ಕೆ ಹೆಸರಾಗಿತ್ತು. ಅಂಥ ಕೇಂದ್ರಗಳಿಗೆ ಕೂಡಲೇ ಬೀಗ ಹಾಕಿ ಎಂದು ವರದಿ ಹೇಳಿತ್ತು, 1999 ಮುಗಿಯುವುದರೊಳಗೆ ಕ್ಯಾಸಲ್‌ರೇ ಮುಚ್ಚಿತು.

ಸಾರ್ಸ್ ವಿಷಯದಲ್ಲಿ ಹೆಸರನ್ನು ಮೊದಲು ಕಿತ್ತರು, ಉಳಿದದ್ದಕ್ಕೆ ಕೈಯೇ ಹಾಕಲಿಲ್ಲ. ಉತ್ತರ ಐರ್ಲೆಂಡಿನಲ್ಲಿ ಹೆಸರು ಬದಲಾಗುವ ಹೊತ್ತಿಗೆ ಹಿಂಸೆಯ ಕೋಣೆಗೆ ಬೀಗ ಬಿದ್ದು, ದೂರಿನ ಕಚೇರಿ ಕೆಲಸ ಶುರುಮಾಡಿತ್ತು.

ನಾಳೆ ಬೆಳಿಗ್ಗೆ ಕೈ ಹಾಕುವುದಾದರೆ ಎಲ್ಲಿಂದ?

ಲಾಕಪ್‌ನಿಂದ. ಇದರಲ್ಲಿ ನನಗೆ ಎರಡನೇ ಮಾತಿಲ್ಲ.

ಹಿಂಸೆ ನಡೆಯುವುದು ಒಬ್ಬ ಮನುಷ್ಯ ಎಲ್ಲಿದ್ದಾನೆ ಎಂದು ಯಾರಿಗೂ ಗೊತ್ತಿಲ್ಲದ ಗಂಟೆಗಳಲ್ಲಿ. ರಾತ್ರಿ 9ಕ್ಕೆ ಹಿಡಿದವನ ಹೆಸರನ್ನು ಮೂರನೇ ದಿನ ಪುಸ್ತಕಕ್ಕೆ ಏರಿಸಿದರೆ ನಡುವಿನ ಎರಡು ದಿನ ಅವನು ಕಾಗದದ ಮೇಲೆ ಇಲ್ಲವೇ ಇಲ್ಲ. ಆ ಎರಡು ದಿನದಲ್ಲಿ ಸತ್ತರೆ, ಅವನು ನಮ್ಮ ಠಾಣೆಗೆ ಬಂದೇ ಇರಲಿಲ್ಲ ಎನ್ನಬಹುದು. ಹಾಗಾಗಿ ಸುಧಾರಣೆ ಎಂದರೆ ಮೊದಲಿಗೆ ಒಂದು ಪುಸ್ತಕ. ಹಿಡಿದ ಗಂಟೆ, ಹಿಡಿದ ಪೊಲೀಸನ ಹೆಸರು ಮತ್ತು ಬ್ಯಾಡ್ಜ್ ನಂಬರು, ಬಂದಾಗ ಮೈಮೇಲೆ ಇದ್ದ ಗಾಯ, ಮನೆಯವರಿಗೆ ಫೋನ್ ಮಾಡಿದ ಹೊತ್ತು, ಊಟ ಕೊಟ್ಟ ಹೊತ್ತು, ಯಾರು ಯಾವಾಗ ಕೋಣೆಯಿಂದ ಹೊರಗೆ ಕರೆದೊಯ್ದರು, ಎಷ್ಟು ಹೊತ್ತಿಗೆ ತಂದು ಬಿಟ್ಟರು. ಪುಟಗಳಿಗೆ ಅಚ್ಚಾದ ಸಂಖ್ಯೆ ಇರಬೇಕು, ಹರಿದರೆ ಗೊತ್ತಾಗಬೇಕು. ಒಂದು ಪ್ರತಿ ಅದೇ ದಿನ ಠಾಣೆಯ ಹೊರಗೆ ಹೋಗಬೇಕು.

ಎರಡನೆಯದಾಗಿ, ಆ ಪುಸ್ತಕವನ್ನು ಬರೆಯುವವನು ತನಿಖೆ ಮಾಡುವವನಾಗಬಾರದು. ಇಂಗ್ಲೆಂಡಿನ 1984ರ ಕಾಯ್ದೆ ಮಾಡಿದ್ದು ಇದನ್ನೇ: ಬಂಧಿತನ ಹೊಣೆ ಹೊತ್ತ ಅಧಿಕಾರಿ ಬೇರೆ, ಕೇಸು ನಡೆಸುವ ಅಧಿಕಾರಿ ಬೇರೆ. ಬಂಧಿತನಿಗೆ ಏನಾದರೂ ಆದರೆ ಉತ್ತರ ಕೊಡಬೇಕಾದವನು ಮೊದಲನೆಯವನು. ಹಾಗಾಗಿ ಹೊಡೆಯಲು ಹೋದ ಸಹೋದ್ಯೋಗಿಯ ಕೈ ತಡೆಯಲು ಅವನಿಗೆ ತನ್ನದೇ ಕಾರಣವಿರುತ್ತದೆ. ಕಾಯ್ದೆ ಇದ್ದೂ ವೆಸ್ಟ್ ಮಿಡ್‌ಲ್ಯಾಂಡ್ಸ್ ದಳ ಅದನ್ನು ಮೀರಿತು, ನಿಜ. ಆದರೆ ಮೀರಿದ್ದು ಸಿಕ್ಕಿಬಿದ್ದದ್ದೂ ಕಾಗದದಿಂದಲೇ.

ಮಫ್ತಿ, ಗುರುತಿಲ್ಲದ ಗಾಡಿ ಇವು ಜನರನ್ನು ತಡೆದು ತಪಾಸಣೆ ಮಾಡುವ ಕೆಲಸಕ್ಕೆ ಬೇಡವೇ ಬೇಡ. ರಸ್ತೆಯಲ್ಲಿ ಫೋನ್ ತೆರೆದು ನೋಡುವುದಂತೂ ಪೂರ್ತಿ ನಿಲ್ಲಬೇಕು.

ಇದಕ್ಕೆಲ್ಲ ಕಾನೂನು ಇಲ್ಲವೇ?

ಇದೆ. ಓದಿದರೆ ಆಶ್ಚರ್ಯವಾಗುವಷ್ಟು ಇದೆ. ನೈಜೀರಿಯಾದ ಸಂವಿಧಾನದ 35ನೇ ವಿಧಿಯ ಪ್ರಕಾರ 40 ಕಿಲೊಮೀಟರ್ ಒಳಗೆ ಕೋರ್ಟ್ ಇದ್ದರೆ ಬಂಧಿತನನ್ನು ಒಂದು ದಿನದಲ್ಲಿ, ಇಲ್ಲವಾದರೆ ಎರಡು ದಿನದಲ್ಲಿ ಹಾಜರುಪಡಿಸಬೇಕು. ದೂರ ಹೆಚ್ಚಾದರೆ ಕೋರ್ಟ್ ಒಪ್ಪುವಷ್ಟು ಕಾಲ. 2015ರ ಕ್ರಿಮಿನಲ್ ನ್ಯಾಯಾಡಳಿತ ಕಾಯ್ದೆ ಆರೋಪಿಯ ಬದಲು ಅವನ ಅಮ್ಮನನ್ನೋ ತಮ್ಮನನ್ನೋ ಹಿಡಿದಿಡುವುದನ್ನು ನಿಷೇಧಿಸುತ್ತದೆ. ಮ್ಯಾಜಿಸ್ಟ್ರೇಟರು ತಿಂಗಳಿಗೊಮ್ಮೆಯಾದರೂ ಠಾಣೆಗೆ ಹೋಗಿ ಲಾಕಪ್ ನೋಡಬೇಕು ಎನ್ನುತ್ತದೆ. 2017ರ ಚಿತ್ರಹಿಂಸೆ ವಿರೋಧಿ ಕಾಯ್ದೆಯಲ್ಲಿ 25 ವರ್ಷದವರೆಗೆ ಶಿಕ್ಷೆಯಿದೆ. 2020ರ ಸೆಪ್ಟೆಂಬರಿನಲ್ಲಿ, ಪ್ರತಿಭಟನೆಗೆ ಕೆಲವೇ ವಾರ ಮೊದಲು, ಹೊಸ ಪೊಲೀಸ್ ಕಾಯ್ದೆಗೂ ಸಹಿ ಬಿದ್ದಿತ್ತು.

ನೈಜೀರಿಯಾದ ಠಾಣೆಗಳ ಗೋಡೆಯ ಮೇಲೆ ‘ಬೇಲ್ ಈಸ್ ಫ್ರೀ’ ಎಂದು ಬರೆದಿರುತ್ತಾರೆ, ಜಾಮೀನಿಗೆ ಹಣವಿಲ್ಲ ಎಂದು. ಆ ಬರಹದ ಕೆಳಗಿನ ಬೆಂಚಿನಲ್ಲೇ ಕೂತು ಮನೆಯವರು ನೋಟು ಎಣಿಸುತ್ತಾರೆ.

ಸಂಬಳ ಹೆಚ್ಚಿಸಿದರೆ ಅರ್ಧ ಸಮಸ್ಯೆ ಮುಗಿಯುವುದಿಲ್ಲವೇ?

ಸಂಬಳ ಹೆಚ್ಚಬೇಕು. ತನ್ನ ಸಮವಸ್ತ್ರವನ್ನು ತಾನೇ ಕೊಂಡು, ಠಾಣೆಯ ಗಾಡಿಗೆ ತಾನೇ ಪೆಟ್ರೋಲು ಹಾಕಿಸುವ ಕಾನ್‌ಸ್ಟೆಬಲ್ ಆ ಹಣವನ್ನು ರಸ್ತೆಯಿಂದಲೇ ಎತ್ತುತ್ತಾನೆ. 2021ರ ಕೊನೆಗೆ ಸರ್ಕಾರ ಶೇ 20ರ ಏರಿಕೆಗೆ ಒಪ್ಪಿತು.

ಆದರೆ ಹಣ ಕೆಳಗಿನವನ ಜೇಬಿನಲ್ಲೇ ನಿಲ್ಲುವುದಿಲ್ಲ. 2010ರಲ್ಲಿ ಹ್ಯೂಮನ್ ರೈಟ್ಸ್ ವಾಚ್ ದಾಖಲಿಸಿದ ಹಾಗೆ ಚೆಕ್‌ಪೋಸ್ಟಿನಲ್ಲಿ ಎತ್ತಿದ್ದರಲ್ಲಿ ಒಂದು ಪಾಲು ಮೇಲಧಿಕಾರಿಗೆ, ಅವನಿಂದ ಅವನ ಮೇಲಿನವನಿಗೆ ಹೋಗುತ್ತದೆ. ಪೊಲೀಸರ ಭಾಷೆಯಲ್ಲಿ ಅದು ‘ರಿಟರ್ನ್ಸ್’. ಮೇಲಿನವನ ಪಾಲು ನಿಗದಿಯಾಗಿರುವ ತನಕ ಕೆಳಗಿನವನ ಸಂಬಳ ಇಮ್ಮಡಿಯಾದರೂ ಅವನು ರಸ್ತೆಗಿಳಿಯಲೇಬೇಕು. ಯಾವ ಠಾಣೆಗೆ ಯಾರನ್ನು ಹಾಕುತ್ತಾರೆ, ಯಾಕೆ ಹಾಕುತ್ತಾರೆ ಎಂಬುದನ್ನು ಬಯಲಿಗೆ ತರದೆ ಸಂಬಳ ಒಂದನ್ನೇ ಹೆಚ್ಚಿಸುವುದು ತೂತು ಬಿದ್ದ ಕೊಡಕ್ಕೆ ನೀರು ಹೊಯ್ದಂತೆ.

ಕೆಟ್ಟವರು ನಾಲ್ಕೇ ಜನ ಅಲ್ಲವೇ? ಅವರನ್ನು ಕಿತ್ತರೆ ಸಾಕಲ್ಲ?

ಸಾಲದು. ಹೊಡೆಯುವವನು ಒಬ್ಬನಾದರೂ ಬಾಗಿಲು ಹಾಕಿದವನು, ಪುಸ್ತಕ ಬರೆಯದೆ ಬಿಟ್ಟವನು, ಕೂಗು ಕೇಳಿಯೂ ಫೈಲು ನೋಡುತ್ತ ಕೂತವನು, ಸಹಿ ಹಾಕಿದ ಮೇಲಧಿಕಾರಿ ಎಲ್ಲ ಇರುತ್ತಾರೆ. ಠಾಣೆಯ ಮುಖ್ಯಸ್ಥನನ್ನೂ ಹೊಣೆಗಾರನನ್ನಾಗಿ ಮಾಡದ ಯಾವ ಶಿಕ್ಷೆಯೂ ಕೆಳಗಿನವನನ್ನು ಬಲಿಕೊಟ್ಟು ಮುಗಿಸುತ್ತದೆ.

ಮಾನವ ಹಕ್ಕುಗಳ ತರಬೇತಿ ಕೊಟ್ಟರೆ?

ಕೊಡಲಿ. ಮನುಷ್ಯನನ್ನು ತೂಗುಹಾಕುವುದು ತಪ್ಪು ಎಂದು ಗೊತ್ತಿಲ್ಲದೆ ಯಾರೂ ತೂಗುಹಾಕಿಲ್ಲ.

ದಳದ ಕೈ ಕಟ್ಟಿದರೆ ದರೋಡೆ, ಅಪಹರಣ ಹೆಚ್ಚುವುದಿಲ್ಲವೇ?

ಈ ಭಯ ಸುಳ್ಳಲ್ಲ. ಅಪಹರಣ ಅಲ್ಲಿ ನಿಜವಾದ ಪಿಡುಗು. ಸಾರ್ಸ್ ಉಳಿಯಲಿ ಎಂದು ಕೇಳಿದವರೂ ಇದ್ದರು, ಅವರನ್ನು ನಾನು ಜರೆಯಲಾರೆ. ದರೋಡೆ ದಳ ಎಂಬುದು ದೇಶಕ್ಕೆ ಬೇಕು ಎಂದು ನಾನೂ ಒಪ್ಪುತ್ತೇನೆ, ಸುಧಾರಣೆ ಎನ್ನುವುದೇ ಅದಕ್ಕಾಗಿ.

ಆದರೆ ಹೊಡೆದು ಬರೆಸಿಕೊಂಡ ತಪ್ಪೊಪ್ಪಿಗೆಯಿಂದ ದರೋಡೆ ನಿಂತ ಲೆಕ್ಕ ಎಲ್ಲಿದೆ? ನೋವು ತಾಳಲಾರದೆ ಒಪ್ಪಿಕೊಂಡವನು ಒಳಗೆ ಹೋಗುತ್ತಾನೆ, ನಿಜವಾದ ದರೋಡೆಕೋರ ಹೊರಗೇ ಇರುತ್ತಾನೆ, ಕೇಸು ಮುಗಿಯಿತೆಂದು ಹುಡುಕಾಟವೂ ನಿಲ್ಲುತ್ತದೆ. ಬೆರಳಚ್ಚು, ಫೋನ್ ದಾಖಲೆ, ಗುಂಡಿನ ಪರೀಕ್ಷೆ ಇವಕ್ಕೆ ಹಣವನ್ನೂ ಜನರನ್ನೂ ಕೊಡದ ಇಲಾಖೆಗೆ ಬಡಿಗೆಯೇ ಪ್ರಯೋಗಾಲಯವಾಗುತ್ತದೆ. ಇನ್ನೂ ಒಂದಿದೆ. ಪೊಲೀಸರನ್ನು ಕಂಡರೆ ಓಡುವ ಬೀದಿಯಲ್ಲಿ ದರೋಡೆಕೋರನ ಸುಳಿವು ಕೊಡಲು ಯಾರು ಠಾಣೆಗೆ ಬರುತ್ತಾರೆ?

ನೊಂದವರಿಗೆ ಏನು ಸಿಕ್ಕಿತು?

2020ರ ಅಕ್ಟೋಬರ್ 20ರ ರಾತ್ರಿ ಲಾಗೋಸ್‌ನ ಲೆಕ್ಕಿ ಟೋಲ್‌ಗೇಟಿನಲ್ಲಿ ರಾಷ್ಟ್ರಗೀತೆ ಹಾಡುತ್ತ, ಬಾವುಟ ಬೀಸುತ್ತ ಕೂತಿದ್ದ ಪ್ರತಿಭಟನಕಾರರ ಮೇಲೆ ಸೈನಿಕರು ಗುಂಡು ಹಾರಿಸಿದರು. ನಿವೃತ್ತ ನ್ಯಾಯಮೂರ್ತಿ ಡೋರಿಸ್ ಒಕುವೊಬಿ ನೇತೃತ್ವದ ಲಾಗೋಸ್ ಸಮಿತಿ 2021ರ ನವೆಂಬರಿನಲ್ಲಿ ಕೊಟ್ಟ ವರದಿ ಅದನ್ನು ಹತ್ಯಾಕಾಂಡಕ್ಕೆ ಸಮಾನ ಎಂದಿತು. ಸಾವುಗಳ ಕುರಿತ ಅದರ ತೀರ್ಮಾನವನ್ನು ರಾಜ್ಯ ಸರ್ಕಾರ ತಳ್ಳಿಹಾಕಿತು. 2024ರ ಜುಲೈನಲ್ಲಿ ಪಶ್ಚಿಮ ಆಫ್ರಿಕಾ ದೇಶಗಳ ಒಕ್ಕೂಟದ ನ್ಯಾಯಾಲಯ ನೈಜೀರಿಯಾ ಹಕ್ಕುಗಳನ್ನು ಉಲ್ಲಂಘಿಸಿದೆ ಎಂದು ತೀರ್ಪು ಕೊಟ್ಟು, ಮೂವರು ಅರ್ಜಿದಾರರಿಗೆ ತಲಾ 20 ಲಕ್ಷ ನೈರಾ ಕೊಡಲು ಹೇಳಿತು.

ರಾಜ್ಯಗಳ ಸಮಿತಿಗಳು ಸಾರ್ಸ್‌ನ ಹಳೆಯ ದೂರುಗಳನ್ನೂ ಕೇಳಿ ಕೆಲವರಿಗೆ ಪರಿಹಾರ ಕೊಟ್ಟವು. ಹಣ ಬೇಕು, ಕಾಲು ಕಳೆದುಕೊಂಡವನ ಆಸ್ಪತ್ರೆ ಖರ್ಚು ಯಾರು ಕೊಡಬೇಕು? ಆದರೆ ಅವ್ಕುಜುವಿನಲ್ಲಿ ಮಗನನ್ನು ಕಳೆದುಕೊಂಡ ಅಪ್ಪ ಕೇಳುವುದು ಬೇರೆ: ಅವನನ್ನು ಎಲ್ಲಿ ಹೂತಿರಿ? ಆ ಉತ್ತರ ಇರುವುದು ದಳದವರ ಬಾಯಲ್ಲಿ. ವಿಸರ್ಜಿಸಿ ದಿಕ್ಕುಪಾಲು ಮಾಡಿದ ಮೇಲೆ ಅವರನ್ನು ಒಂದು ಕಡೆ ಕೂರಿಸಿ ಕೇಳುವುದು ಯಾರು? ದಳವನ್ನು ಕೈಬಿಡುವ ಮುನ್ನ ಲೆಕ್ಕ ಕೇಳಬೇಕಿತ್ತು ಎಂದು ನಾನು ಹಟ ಹಿಡಿಯುವುದಕ್ಕೆ ಇದೇ ಎಲ್ಲಕ್ಕಿಂತ ದೊಡ್ಡ ಕಾರಣ.

ಮುಚ್ಚುವುದೇ ಸರಿ ಎನ್ನಿಸುವ ಸಂದರ್ಭ ಇಲ್ಲವೇ?

ಇದೆ. ದಳಕ್ಕೆ ಪ್ರತ್ಯೇಕವಾದ ಕೆಲಸವೇ ಇಲ್ಲದಿದ್ದರೆ, ಸಾಮಾನ್ಯ ಠಾಣೆಯೇ ಆ ಕೆಲಸ ಮಾಡಬಹುದಾಗಿದ್ದರೆ ಮುಚ್ಚಬೇಕು. ದಳದ ಮುಖ್ಯಸ್ಥರೇ ತನಿಖೆಗೆ ಅಡ್ಡ ನಿಂತು, ದಾಖಲೆ ಸುಡುವ ಹಂತಕ್ಕೆ ಹೋದರೂ ಮುಚ್ಚಬೇಕು. ಆಗಲೂ ಕ್ರಮ ಒಂದಿದೆ: ಮೊದಲು ದಾಖಲೆ, ಬಂದೂಕು, ಲಾಕಪ್ ಕೀಲಿ ಹೊರಗಿನವರ ವಶಕ್ಕೆ ಹೋಗಬೇಕು, ಆಮೇಲೆ ಆದೇಶ ಬರಬೇಕು.

ಸುಧಾರಣೆ ನಿಜವೋ ಬರೀ ಮಾತೋ ಎಂದು ಗೊತ್ತಾಗುವುದು ಹೇಗೆ?

ಪತ್ರಿಕಾಗೋಷ್ಠಿಯನ್ನು ಬಿಟ್ಟು ಲಾಕಪ್‌ಗೆ ಹೋಗಿ ನೋಡಬೇಕು. ಇಮೋ ರಾಜ್ಯದ ಒವೆರಿಯಲ್ಲಿ ‘ಟೈಗರ್ ಬೇಸ್’ ಎಂಬ ಅಪಹರಣ ನಿಗ್ರಹ ಘಟಕವಿದೆ. ಸಾರ್ಸ್ ವಿಸರ್ಜನೆಯಾಗಿ ವರ್ಷಗಳು ಕಳೆದ ಮೇಲೆ ಅದರ ಮೇಲೂ ಅವೇ ಆರೋಪಗಳನ್ನು ಮಾನವ ಹಕ್ಕು ಸಂಘಟನೆಗಳು ಮಾಡಿವೆ: ಚಿತ್ರಹಿಂಸೆ, ಸುಲಿಗೆ, ಕಸ್ಟಡಿಯಲ್ಲಿ ಸಾವು.

ಅಲ್ಲಿಗೆ ಮ್ಯಾಜಿಸ್ಟ್ರೇಟರು ಕಾಯ್ದೆ ಹೇಳಿದ ಹಾಗೆ ತಿಂಗಳಿಗೊಮ್ಮೆ ಹೋಗುತ್ತಿದ್ದಾರೆಯೇ? ಹೋದಾಗ ಪುಸ್ತಕದಲ್ಲಿರುವ ಹೆಸರುಗಳನ್ನೂ ಕೋಣೆಯೊಳಗಿನ ತಲೆಗಳನ್ನೂ ಎಣಿಸಿ ತಾಳೆ ನೋಡುತ್ತಾರೆಯೇ? ಮಗ ಎಲ್ಲಿದ್ದಾನೆ ಎಂದು ಕೇಳಿಕೊಂಡು ಬಂದ ತಾಯಿಗೆ ಕೌಂಟರಿನಲ್ಲಿ ಕೂತವನು ಪುಸ್ತಕ ತೆರೆದು, ಬೆರಳಿಟ್ಟು, ಇಗೋ ಇಲ್ಲಿದ್ದಾನೆ, ಬನ್ನಿ ಅಮ್ಮ, ನೋಡಿಕೊಂಡು ಹೋಗಿ ಎನ್ನುತ್ತಾನೆಯೇ? ಅವಳಿಂದ ಒಂದು ನೈರಾವನ್ನೂ ಕೇಳದೆ?